ಬೆಂಗಳೂರು ಜೈಲಿನ ಸಾರು

ಕಳೆದ ಡಿಸೆಂಬರಿನಲ್ಲಿ ನನಗೊಂದು ಅನುವಾದದ ಕೆಲಸ ಬಂತು. ಇಂಡಿಯಾದಲ್ಲಿದ್ದ ಇಂಗ್ಲಿಷರು ಏನು ತಿನ್ನುತ್ತಿದ್ದರು, ಹೇಗೆ ತಿನ್ನುತ್ತಿದ್ದರು ಎಂಬ ಬಗ್ಗೆ ಒಂದು ಪುಸ್ತಕ. ಅದರ ಮೂರು ಅಧ್ಯಾಯ ಕನ್ನಡಕ್ಕೆ ಬೇಕಿತ್ತು. ನಮ್ಮ ಕಸುಬಿನಲ್ಲಿ ಸಂಬಳ ಪದದ ಲೆಕ್ಕ. ಸಾವಿರ ಪದಕ್ಕೆ ಇಷ್ಟು ಎಂದು ಮಾತಾಗಿರುತ್ತದೆ. ಒಂದು ಪದಕ್ಕೆ ನಾಲ್ಕು ದಿನ ಹಿಡಿದರೆ ಅದು ನಮ್ಮ ಹಣೆಬರಹ. ಆ ಡಿಸೆಂಬರಿನಲ್ಲಿ ನನಗೆ ನಾಲ್ಕು ದಿನ ಹಿಡಿಸಿದ ಪದ ಮುಲ್ಲಿಗಟಾನಿ.

ಈ ಹೆಸರಿನ ಸೂಪನ್ನು ನೀವು ಯಾವುದಾದರೂ ಹಳೆಯ ಕ್ಲಬ್ಬಿನ ಮೆನುವಿನಲ್ಲಿ ನೋಡಿರಬಹುದು. ಹಳದಿ ಬಣ್ಣದ, ಗಟ್ಟಿಯಾದ, ಮೇಲೆ ನಾಲ್ಕು ಅಗುಳು ಅನ್ನ ಉದುರಿಸಿದ ಸೂಪು. ಪುಸ್ತಕದ ಮೊದಲ ಅಧ್ಯಾಯದಲ್ಲಿ ಈ ಪದ ಒಂದು ಜೈಲಿನೊಳಗೆ ಬರುತ್ತದೆ. ಮೂರನೆಯ ಅಧ್ಯಾಯದಲ್ಲಿ ಒಬ್ಬ ಕರ್ನಲ್ ಸಾಹೇಬರ ಊಟದ ಮೇಜಿನ ಮೇಲೆ. ಇಂಗ್ಲಿಷಿನಲ್ಲಿ ಎರಡೂ ಕಡೆ ಒಂದೇ ಪದ. ನಾನು ಎರಡೂ ಕಡೆ ‘ಮುಲ್ಲಿಗಟಾನಿ’ ಎಂದೇ ಬರೆದು ಮಾದರಿ ಪುಟಗಳನ್ನು ಕಳಿಸಿದೆ. ಸಂಪಾದಕರ ಉತ್ತರ ಒಂದೇ ಸಾಲಿನದು: ‘ಇದು ಓದುಗರಿಗೆ ಅರ್ಥವಾಗುವುದಿಲ್ಲ, ಸುಮ್ಮನೆ ರಸಂ ಎಂದು ಹಾಕಿ.’

ಹಾಕಬಹುದಿತ್ತು. ಹಾಕಲಿಲ್ಲ. ಯಾಕೆ ಎನ್ನುವುದೇ ಈ ಬರಹ.

*

ಇಂಥ ಪದ ಸಿಕ್ಕಾಗ ಅನುವಾದಕರು ಮೊದಲು ಬಾಗಿಲು ತಟ್ಟುವುದು ‘ಹಾಬ್ಸನ್-ಜಾಬ್ಸನ್’ ಎಂಬ ನಿಘಂಟಿನದು. 1886ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು. ಇಂಡಿಯಾದ ಇಂಗ್ಲಿಷರ ಬಾಯಲ್ಲಿ ಓಡಾಡುತ್ತಿದ್ದ ನಮ್ಮ ಪದಗಳನ್ನೆಲ್ಲ ಗುಡ್ಡೆ ಹಾಕಿ, ಪ್ರತಿಯೊಂದಕ್ಕೂ ಹಳೆಯ ಬರಹಗಳಿಂದ ಉದಾಹರಣೆ ಕೊಟ್ಟ ಪುಸ್ತಕ. ಹೆಸರೇ ಒಂದು ತಮಾಷೆ. ಮೊಹರಮ್ಮಿನ ಮೆರವಣಿಗೆಯಲ್ಲಿ ‘ಯಾ ಹಸನ್, ಯಾ ಹುಸೇನ್’ ಎಂದು ಎದೆ ಬಡಿದುಕೊಳ್ಳುವ ಕೂಗು ಗೋರಾ ಸಿಪಾಯಿಗಳ ಕಿವಿಗೆ ಹಾಗೆ ಬಿದ್ದಿತ್ತು. ಬರೆದವರು ಇಬ್ಬರು, ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್. ಬರ್ನೆಲ್ ಮದ್ರಾಸ್ ಪ್ರಾಂತ್ಯದ ನ್ಯಾಯಾಧೀಶ; ಮಂಗಳೂರಿನಲ್ಲಿದ್ದಾಗ ತುಳುವಿನ ಭೂತಗಳ ಪಾಡ್ದನಗಳನ್ನು ಸಂಗ್ರಹಿಸಿದವನು ಅವನೇ. ಹೀಗಾಗಿ ದಕ್ಷಿಣದ ಪದಗಳ ವಿಷಯದಲ್ಲಿ ಈ ನಿಘಂಟಿಗೆ ಕಿವಿ ಇದೆ. ಪುಸ್ತಕ ಹೊರಬರುವ ನಾಲ್ಕು ವರ್ಷ ಮೊದಲೇ, 1882ರಲ್ಲಿ, ಬರ್ನೆಲ್ ತೀರಿಕೊಂಡಿದ್ದ.

ಮುಲ್ಲಿಗಟಾನಿಯ ಕೆಳಗೆ ಹಾಬ್ಸನ್-ಜಾಬ್ಸನ್ ಕೊಡುವ ಅತಿ ಹಳೆಯ ಉದಾಹರಣೆ 1784ರದು. ಅದು ಅಡುಗೆ ಪುಸ್ತಕದ್ದಲ್ಲ, ಒಂದು ಹಾಡಿನದು. ಬರೆದವನು ನೌಕಾಪಡೆಯ ಒಬ್ಬ ಅನಾಮಿಕ ಮಹನೀಯ, ಹೈದರಾಲಿಯ ಕೈದಿ. ಹಣೆಬರಹವನ್ನೂ ಊಟವನ್ನೂ ಒಟ್ಟಿಗೆ ಹಳಿಯುವ ಗೊಣಗಾಟದ ಹಾಡು ಅದು. ಅದರಲ್ಲಿ ಎರಡು ತಿನಿಸುಗಳ ಹೆಸರಿದೆ, ಒಂದು ಊರಿನ ಹೆಸರಿದೆ. ತಿನಿಸುಗಳು ಮುಲ್ಲಿಗಟಾನಿ ಮತ್ತು ಕಾಂಜಿ. ಊರು ಬೆಂಗಳೂರು. ಜಾಗ, ಅಲ್ಲಿನ ಜೈಲು.

ಇದನ್ನು ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ ಎಂದರೆ ಸುಳ್ಳಲ್ಲ. ಲಂಡನ್ನಿನ ಕ್ಲಬ್ಬುಗಳವರೆಗೆ ಹೋದ ಈ ಸೂಪಿನ ಹೆಸರು ಇಂಗ್ಲಿಷ್ ನಿಘಂಟಿಗೆ ಕಾಲಿಟ್ಟ ದಾರಿ ನಮ್ಮ ಬೆಂಗಳೂರಿನ ಸೆರೆಮನೆಯದು.

ಹಿನ್ನೆಲೆ ನಿಮಗೆ ಗೊತ್ತಿರುವುದೇ. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಕರ್ನಲ್ ಬೇಲಿಯ ತುಕಡಿಯನ್ನು ಹೈದರ್ ಮತ್ತು ಟಿಪ್ಪು ಮುರಿದರು. ಬದುಕುಳಿದವರು ಸೆರೆಯಾದರು. 1782ರಲ್ಲಿ ಫ್ರೆಂಚ್ ನೌಕಾಧಿಪತಿ ಸುಫ್ರೆನ್ ತಾನು ಹಿಡಿದಿದ್ದ ಇಂಗ್ಲಿಷ್ ನಾವಿಕರನ್ನೂ ಹೈದರನಿಗೆ ಒಪ್ಪಿಸಿದ. ಮೈಸೂರು ರಾಜ್ಯದ ಸೆರೆಮನೆಗಳಿಗೆ ಕಡಲಿನ ಜನ ಬಂದದ್ದು ಹೀಗೆ. ಆ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. 1784ರ ಮಾರ್ಚಿನಲ್ಲಿ ಮಂಗಳೂರು ಒಪ್ಪಂದವಾಗಿ ಕೈದಿಗಳ ಬಿಡುಗಡೆ ಶುರುವಾಯಿತು. ಹಾಡು ಕೂಡ ಅದೇ ವರ್ಷ ಹೊರಗೆ ಬಂತು.

*

ಪದ ತಮಿಳಿನದು: ಮಿಳಗು-ತಣ್ಣೀರ್. ಮಿಳಗು ಎಂದರೆ ಮೆಣಸು, ತಣ್ಣೀರ್ ಎಂದರೆ ನೀರು. ಇಲ್ಲಿ ಕನ್ನಡದ ಕಿವಿ ಸ್ವಲ್ಪ ಎಡವುತ್ತದೆ. ನಮಗೆ ತಣ್ಣೀರು ಎಂದರೆ ತಣ್ಣಗಿರುವ ನೀರೇ. ತಮಿಳಿನಲ್ಲೂ ಪದ ಹುಟ್ಟಿದ್ದು ಹಾಗೆಯೇ, ತಣ್ ಸೇರಿದ ನೀರ್. ಆದರೆ ಅಲ್ಲಿ ಅದು ಸವೆದು ಬರೀ ‘ನೀರು’ ಆಯಿತು. ಹಾಗಾಗಿ ಒಲೆಯ ಮೇಲೆ ಕುದಿಯುವ ಮೆಣಸಿನ ನೀರಿಗೂ ಆ ಹೆಸರು ಹೊಂದುತ್ತದೆ.

ಬೆಂಗಳೂರಿನ ಜೈಲಿನಲ್ಲಿ ಕುದಿದದ್ದಕ್ಕೆ ಹೆಸರು ತಮಿಳಿನಲ್ಲಿ ಯಾಕೆ? ಇಂಗ್ಲಿಷರು ದಕ್ಷಿಣದ ಅಡುಗೆಯನ್ನು ಕಲಿತದ್ದು ಮದ್ರಾಸಿನಲ್ಲಿ, ಅಲ್ಲಿನ ಅಡುಗೆಯವರ ಬಾಯಿಂದ. ಸೆರೆಯಾಳು ತನ್ನ ಮುಂದಿಟ್ಟ ಬಟ್ಟಲನ್ನು ನೋಡಿ, ತನಗೆ ಮೊದಲೇ ಗೊತ್ತಿದ್ದ ಹೆಸರಿನಿಂದ ಕರೆದ. ಬಡಿಸಿದವರು ಅದನ್ನು ಆ ಹೆಸರಿನಿಂದ ಕರೆದಿರಬೇಕಾಗಿಲ್ಲ.

ಆ ಸಂಜೆ ತುಮಕೂರಿಗೆ ಫೋನು ಮಾಡಿ ಅಮ್ಮನಿಗೆ ಇಷ್ಟನ್ನೂ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, “ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ? ಜ್ವರ ಬಂದಾಗ ಮಾಡ್ಕೊಡ್ತಿದ್ನಲ್ಲ ಮೆಣಸಿನ ಸಾರು, ಅದೇ ತಾನೆ?” ಎಂದರು. ಅದೇ. ಮೆಣಸು, ಜೀರಿಗೆ, ಬೆಳ್ಳುಳ್ಳಿ ಕುಟ್ಟಿ, ಹುಣಸೆ ನೀರಿಗೆ ಹಾಕಿ ಕುದಿಸಿ, ಒಂದು ಒಗ್ಗರಣೆ.

ಅಮ್ಮನ ಮಾತಿನಲ್ಲಿ ಇನ್ನೊಂದು ಹಳೆಯ ಸಂಗತಿ ಉಳಿದುಕೊಂಡಿದೆ. ಆಕೆಗೆ ಮೆಣಸು ಎಂದರೆ ಕಪ್ಪು ಕಾಳೇ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕಾ ಖಂಡದ ಖಾರದ ಕಾಯಿ ಬಂದಿಳಿದಾಗ ಅದಕ್ಕೆ ಇಲ್ಲಿ ಹೆಸರಿರಲಿಲ್ಲ. ಕನ್ನಡ ತನ್ನಲ್ಲಿದ್ದ ಖಾರದ ಹೆಸರನ್ನೇ ಎರವಲು ಕೊಟ್ಟಿತು: ಮೆಣಸಿನಕಾಯಿ. ಆಮೇಲೆ ಬಂದ ಕಾಯಿಯೇ ಮನೆ ತುಂಬ ಹರಡಿಕೊಂಡಿತು. ಹೆಸರಿನ ಮೂಲ ಒಡೆಯ ಈಗ ಎಷ್ಟೋ ಕಡೆ ‘ಕರಿ’ಮೆಣಸು, ‘ಕಾಳು’ಮೆಣಸು ಎಂದು ಗುರುತು ಹೇಳಿಕೊಂಡು ತಿರುಗಬೇಕಾಗಿದೆ.

*

ಹಾಡಿನ ಇನ್ನೊಂದು ತಿನಿಸು ಕಾಂಜಿ. ಇದನ್ನು ಗುರುತು ಹಿಡಿಯಲು ನಿಘಂಟು ಬೇಡ. ನಮ್ಮ ಗಂಜಿ, ತಮಿಳಿನ ಕಞ್ಜಿ. ಯುರೋಪಿನ ಬರಹದಲ್ಲಿ ಅದರ ಹಳೆಯ ಗುರುತು 1563ರಲ್ಲಿ ಗೋವಾದಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಪುಸ್ತಕದಲ್ಲಿದೆ. ಅವನು ವೈದ್ಯ. ಕಾಲರಾ ರೋಗಿಗೆ ಈ ನಾಡಿನ ಜನ ಮೆಣಸು, ಜೀರಿಗೆ ಹಾಕಿದ ಅಕ್ಕಿಯ ತಿಳಿಯನ್ನು ಕುಡಿಸುತ್ತಾರೆ, ಅದನ್ನು ‘ಕಾಂಜೆ’ ಎನ್ನುತ್ತಾರೆ ಎಂದು ಅವನು ಬರೆದಿಟ್ಟ. ಈ ಪದ ಪೋರ್ಚುಗಲ್ಲಿಗೆ ಹೋಗಿ ‘ಕಾಂಜ’ ಆಯಿತು. ಅಲ್ಲಿ ಈಗ ಅದು ಅಕ್ಕಿ ಹಾಕಿದ ಕೋಳಿ ಸೂಪು. ಇಂಗ್ಲಿಷಿನಲ್ಲಿ ‘ಕಾಂಜೀ’ ಆಯಿತು. ಇವತ್ತು ದೊಡ್ಡ ಹೋಟೆಲುಗಳ ಬೆಳಗಿನ ತಿಂಡಿಯ ಸಾಲಿನಲ್ಲಿ ಚೀನೀ ಗಂಜಿಯ ಪಾತ್ರೆಯ ಮುಂದೆ ಇದೇ ಹೆಸರಿನ ಚೀಟಿ ಇರುತ್ತದೆ. ಪದವೂ ಚೀನಾದ್ದೇ ಎಂದು ನಂಬಿರುವವರು ಬಹಳ. ಚೀನೀ ಭಾಷೆಯಲ್ಲಿ ಅದಕ್ಕೆ ಬೇರೆಯೇ ಹೆಸರಿದೆ.

ಹಾಬ್ಸನ್-ಜಾಬ್ಸನ್‌ನಲ್ಲಿ ಇದರ ಜೊತೆಗೇ ಒಂದು ಜೋಡಿಪದವಿದೆ: ‘ಕಾಂಜೀ ಹೌಸ್’. ಅಂದರೆ ದಂಡಿನ ಲಾಕಪ್ಪು. ಒಳಗಿದ್ದವರಿಗೆ ಕೊಡುತ್ತಿದ್ದ ಊಟ ಗಂಜಿ, ಹಾಗಾಗಿ ಕೋಣೆಗೂ ಅದೇ ಹೆಸರು. ಓದುತ್ತ ನನಗೆ ನಮ್ಮ ‘ಗಂಜಿ ಕೇಂದ್ರ’ ನೆನಪಾಯಿತು. ಉತ್ತರ ಕರ್ನಾಟಕದಲ್ಲಿ ಬರ ಬಂದಾಗ, 2009ರಲ್ಲೂ 2019ರಲ್ಲೂ ನೆರೆ ಬಂದಾಗ, ಪತ್ರಿಕೆಗಳಲ್ಲಿ ದಿನವೂ ಕಾಣುತ್ತಿದ್ದ ಪದ. ಒಂದು ಹಿಡಿದಿಡುವ ಮನೆ, ಇನ್ನೊಂದು ಕಾಪಾಡುವ ಮನೆ. ಎರಡಕ್ಕೂ ಹೆಸರು ಕೊಟ್ಟದ್ದು ಒಂದೇ ಪಾತ್ರೆ. ಬೇರೆ ಏನೂ ಇಲ್ಲದಾಗ ಎಲ್ಲರಿಗೂ ಸಾಲುವಂತೆ ಮಾಡಬಹುದಾದ ಊಟ ಅದು. ಬಟ್ಟೆಗೆ ಗಂಜಿ ಹಾಕುವ ಅರ್ಥವನ್ನು ಕೂಡ ಆ ಕಾಲದ ಇಂಗ್ಲಿಷರು ಬಿಡದೆ ಎತ್ತಿಕೊಂಡಿದ್ದರು. ಅವರ ಅಂಗಿಗಳೂ ‘ಕಾಂಜೀ’ ನೀರಿನಲ್ಲೇ ಗರಿಗರಿಯಾಗುತ್ತಿದ್ದವು.

ಒಂದು ಪದ ರೋಗಿಯ ಮಂಚದ ಪಕ್ಕದಲ್ಲಿ, ಇನ್ನೊಂದು ಜೈಲಿನಲ್ಲಿ. ನಮ್ಮ ಅಡುಗೆಮನೆಯ ಈ ಎರಡು ಪದಗಳನ್ನು ಯುರೋಪು ಮೊದಲು ಬರೆದಿಟ್ಟುಕೊಂಡದ್ದು ಇಂಥ ಕಡೆ. ಔತಣದ ಮನೆಯಲ್ಲಿ ಅಲ್ಲ.

ಸೆರೆಯ ಊಟ ಬರೀ ಪದಗಳನ್ನು ಬದಲಿಸಲಿಲ್ಲ. ಜೇಮ್ಸ್ ಸ್ಕರಿ ಎಂಬ ಹುಡುಗ ‘ಹ್ಯಾನಿಬಲ್’ ಎಂಬ ಯುದ್ಧನೌಕೆಯಲ್ಲಿದ್ದ. ಫ್ರೆಂಚರ ಕೈಗೆ ಸಿಕ್ಕಿ, ಅಲ್ಲಿಂದ ಹೈದರನ ಕೈಗೆ ಬಂದವರಲ್ಲಿ ಅವನೂ ಒಬ್ಬ. ಹತ್ತು ವರ್ಷ ಮೈಸೂರು ರಾಜ್ಯದಲ್ಲಿ ಕಳೆದು ತಪ್ಪಿಸಿಕೊಂಡು ಹೋದ. 1824ರಲ್ಲಿ ಅಚ್ಚಾದ ಅವನ ಸೆರೆವಾಸದ ಕಥನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿಡುಗಡೆಯಾದ ಮೇಲಿನ ಭಾಗ. ಅವನಿಗೆ ಕುರ್ಚಿಯಲ್ಲಿ ಕೂರಲು ಬರುತ್ತಿರಲಿಲ್ಲ. ಚಾಕು, ಫೋರ್ಕು ಹಿಡಿಯುವುದು ಮರೆತುಹೋಗಿತ್ತು. ಇಂಗ್ಲಿಷ್ ಮಾತು ಮುರಿದು ಚೂರಾಗಿತ್ತು. ಭಾಷಾವಿಜ್ಞಾನದ ತರಗತಿಗಳಲ್ಲಿ ‘ಭಾಷೆಯ ಸವೆತ’ ಎಂಬ ಪಾಠ ಓದಿದ್ದೆ. ಮಾತೃಭಾಷೆಯೂ ಊಟದ ರೂಢಿಯೂ ಒಂದೇ ಮೈಯಿಂದ ಜೊತೆಗೇ ಜಾರಿಹೋಗುವುದನ್ನು ಅಲ್ಲಿ ಯಾರೂ ಹೇಳಿರಲಿಲ್ಲ.

*

ಇನ್ನು ಕರ್ನಲ್ ಸಾಹೇಬರ ಮೇಜು. ಜೈಲಿನಿಂದ ಅಲ್ಲಿಗೆ ತಲುಪುವಷ್ಟರಲ್ಲಿ ಸಾರು ಬೇರೆಯೇ ವಸ್ತುವಾಗಿತ್ತು. 1817ರಲ್ಲಿ ಮೊದಲು ಅಚ್ಚಾದ ‘ದ ಕುಕ್ಸ್ ಓರಕಲ್’ ಎಂಬ ಲಂಡನ್ನಿನ ಅಡುಗೆ ಪುಸ್ತಕದಲ್ಲಿ ವಿಲಿಯಂ ಕಿಚನರ್ ಈ ಪದದ ಅರ್ಥ ‘ಮೆಣಸಿನ ನೀರು’ ಎಂದು ಬಿಡಿಸಿ ಹೇಳಬೇಕಾಯಿತು. ಕಾರಣ, ನಗರದ ಕಾಫಿಮನೆಗಳ ಕಿಟಕಿಗಳ ಮೇಲೆ ಈ ವಿಚಿತ್ರ ಹೆಸರು ಅಂಟಿಸಿರುವುದನ್ನು ಕಂಡು ದಾರಿಹೋಕರು ನಿಂತು ನೋಡುತ್ತಿದ್ದರು. ಹೆಸರಿನಲ್ಲಿ ನೀರಿತ್ತು, ಬಟ್ಟಲಿನಲ್ಲಿ ಇರಲಿಲ್ಲ. ಕೋಳಿ ಅಥವಾ ಕುರಿಯ ರಸ, ಬೆಣ್ಣೆಯಲ್ಲಿ ಹುರಿದ ಹಿಟ್ಟು, ಕರಿ ಪುಡಿ, ಕೆಲವು ಕಡೆ ಸೇಬು, ಕೆನೆ. ಮದ್ರಾಸ್ ಸೈನ್ಯದ ಅಧಿಕಾರಿ ಕೆನ್ನಿ-ಹರ್ಬರ್ಟ್ ‘ವೈವರ್ನ್’ ಎಂಬ ಹೆಸರಿನಲ್ಲಿ 1878ರಲ್ಲಿ ಪ್ರಕಟಿಸಿದ ‘ಕಲಿನರಿ ಜಾಟಿಂಗ್ಸ್ ಫಾರ್ ಮದ್ರಾಸ್’ನಲ್ಲಿ ಇದರ ಬಗ್ಗೆಯೂ ಬರೆದ. ಪದದ ತಮಿಳು ಮೂಲ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಪದ ಇಷ್ಟಕ್ಕೇ ನಿಲ್ಲಲಿಲ್ಲ. ಮದ್ರಾಸ್ ಪ್ರಾಂತ್ಯದ ಇಂಗ್ಲಿಷ್ ಅಧಿಕಾರಿಗಳಿಗೆ ಬೇರೆ ಪ್ರಾಂತ್ಯದವರು ‘ಮಲ್’ ಎಂದು ಅಡ್ಡಹೆಸರಿಟ್ಟರು. ಮುಲ್ಲಿಗಟಾನಿಯ ಮೊದಲ ತುಣುಕು ಅದು. ಬೊಂಬಾಯಿಯವರಿಗೆ ‘ಡಕ್’ ಎಂದರು, ಅಲ್ಲಿನ ಒಣಮೀನಿನ ಹೆಸರಿನಿಂದ.

ನಾನಿರುವ ನಾಗಪುರದಲ್ಲೂ ಈ ‘ಮಲ್’ಗಳು ದಂಡಿಯಾಗಿದ್ದರು. 1817ರ ನವೆಂಬರಿನಲ್ಲಿ ಸೀತಾಬರ್ಡಿ ಗುಡ್ಡದ ಮೇಲೆ ಭೋಂಸ್ಲೆಯವರ ಸೈನ್ಯದ ಎದುರು ನಿಂತವರಲ್ಲಿ ಮದ್ರಾಸ್ ಸೈನ್ಯದ ಕಾಲಾಳುಗಳಿದ್ದರು. 1821ರಲ್ಲಿ, ಇಲ್ಲಿಂದ ಹದಿನಾರು ಕಿಲೋಮೀಟರ್ ದೂರದಲ್ಲಿ, ಕನ್ಹಾನ್ ನದಿಯ ದಡದಲ್ಲಿ, ಕಾಮಠಿ ದಂಡುಪ್ರದೇಶ ಎದ್ದಿತು. ಅಲ್ಲಿ ದಶಕಗಳ ಕಾಲ ಬೀಡುಬಿಟ್ಟಿದ್ದೂ ಮದ್ರಾಸ್ ಸೈನ್ಯದ ತುಕಡಿಗಳೇ. ಅವುಗಳ ಹಿಂದೆ ದಕ್ಷಿಣದ ಕುಟುಂಬಗಳು ಬಂದವು, ಅಡುಗೆಯವರು ಬಂದರು, ಹುಣಸೆ-ಮೆಣಸು ಬಂತು. ಕಳೆದ ಜನವರಿಯ ಒಂದು ಭಾನುವಾರ ಕಾಮಠಿಯ ಹಳೆಯ ಬಂಗಲೆಗಳ ರಸ್ತೆಯಲ್ಲಿ ನಡೆಯುತ್ತ ನಾನು ನೋಡುತ್ತಿದ್ದದ್ದು ಮುಂದಿನ ವರಾಂಡಗಳನ್ನಲ್ಲ, ಹಿತ್ತಲಿನಲ್ಲಿ ಬೇರೆಯಾಗಿ ಕಟ್ಟಿದ ಅಡುಗೆಮನೆಗಳನ್ನು. ಮುಲ್ಲಿಗಟಾನಿ ಮೇಜಿಗೆ ಹೋಗುತ್ತಿದ್ದದ್ದು ಅಂಥ ಕಡೆಯಿಂದ. ಅದೇ ಒಲೆಯ ಇನ್ನೊಂದು ಮಡಕೆಯಲ್ಲಿ ಅಡುಗೆಯವರ ಸ್ವಂತ ಸಾರು ಕುದಿಯುತ್ತಿದ್ದಿರಬೇಕು.

*

ಹೀಗೆ ಬಡವರ ಬಟ್ಟಲಿನಿಂದ ದೊಡ್ಡವರ ಮೇಜಿಗೆ ಹತ್ತಿದ, ಅಥವಾ ಅಲ್ಲಿಂದ ಇಳಿದ ಪದಗಳು ಇಂಗ್ಲಿಷಿನೊಳಗೂ ಇವೆ. ‘ಅಂಬಲ್ಸ್’ ಎಂಬ ಹಳೆಯ ಪದ ಜಿಂಕೆಯ ಕರುಳು, ಈಲಿ, ಗುಂಡಿಗೆಗಳನ್ನು ಒಟ್ಟಾಗಿ ಹೇಳುತ್ತಿತ್ತು; ನಮ್ಮ ಬೋಟಿಯ ಹತ್ತಿರದ್ದು. 1662ರ ಜುಲೈಯಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಅಂಬಲ್ಸ್ ಹಾಕಿ ಬೇಯಿಸಿದ ಪೈ ಬಗ್ಗೆ ಬರೆದುಕೊಂಡಿದ್ದಾನೆ. ಮುಂದೆ ಅದು ‘ಹಂಬಲ್’, ಅಂದರೆ ವಿನೀತ, ಎಂಬ ಪದದ ಜೊತೆ ಕಲೆತು, ‘ಹಂಬಲ್ ಪೈ ತಿನ್ನುವುದು’ ಎಂದರೆ ತಲೆತಗ್ಗಿಸಿ ತಪ್ಪೊಪ್ಪಿಕೊಳ್ಳುವುದು ಎಂದಾಯಿತು. ತಿನಿಸು ಹೋಯಿತು, ಅವಮಾನ ಉಳಿಯಿತು.

ಇಲ್ಲೊಂದು ಎಚ್ಚರಿಕೆ. ‘ಅಂಬಲ್ಸ್’ ಕೇಳಿ ನಿಮಗೆ ನಮ್ಮ ಅಂಬಲಿ ನೆನಪಾದರೆ, ನನಗೂ ಆಯಿತು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಅದು ಫ್ರೆಂಚಿನಿಂದ ಬಂದ ‘ನಂಬಲ್ಸ್’, ಮೊದಲ ನಕಾರ ಉದುರಿ ‘ಅಂಬಲ್ಸ್’ ಆದದ್ದು. ಇಂಗ್ಲಿಷಿನ ಪದಗಳೆಲ್ಲ ನಮ್ಮವೇ ಎಂದು ಸಾರುವ ವಾಟ್ಸಾಪ್ ಸಂದೇಶಗಳು ವಾರಕ್ಕೊಂದು ಬರುತ್ತವೆ. ಉಚ್ಚಾರ ಹೋಲಿದ ಮಾತ್ರಕ್ಕೆ ನೆಂಟಸ್ತಿಕೆ ಹೇಳಬಾರದು. ಯಾರು, ಯಾವಾಗ, ಎಲ್ಲಿ, ಯಾರ ಬಾಯಿಂದ ಕೇಳಿದರು ಎಂಬ ದಾರಿ ತೋರಿಸಬೇಕು.

ಎದುರು ದಿಕ್ಕಿನ ಪಯಣವೂ ಇದೆ. ‘ಟಿಫಿನ್’ ನಮ್ಮದು ಎನಿಸುವಷ್ಟು ನಮ್ಮದಾಗಿದೆ. ಆದರೆ ಅದರ ಬೇರು ಇಂಗ್ಲಿಷಿನ ಹಳೆಯ ಬೀದಿಮಾತು ‘ಟಿಫಿಂಗ್’: ಊಟದ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು, ಗುಟುಕರಿಸುವುದು. 1785ರ ಗ್ರೋಸ್‌ನ ಬೀದಿಮಾತಿನ ನಿಘಂಟಿನಲ್ಲಿ ಅದಿದೆ. ತವರಿನಲ್ಲಿ ಮರೆತುಹೋದ ಪದ ಇಲ್ಲಿ ಸಂಸಾರ ಹೂಡಿತು, ಊರಿಗೊಂದು ಅರ್ಥ ಪಡೆಯಿತು. ನಾಗಪುರಕ್ಕೆ ಬಂದ ಹೊಸದರಲ್ಲಿ ಮನೆಯ ಒಡತಿ ಕಾಕೂ “ಟಿಫಿನ್ ಲಾವಲಾ ಕಾ?” ಎಂದು ಮರಾಠಿಯಲ್ಲಿ ಕೇಳಿದಾಗ ನಾನು ಇಡ್ಲಿಯ ಮಾತು ಎಂದುಕೊಂಡೆ. ಅವರು ಕೇಳಿದ್ದು ಎರಡು ಹೊತ್ತಿನ ಪೂರ್ತಿ ಊಟದ ಡಬ್ಬಿ ಗೊತ್ತುಮಾಡಿಕೊಂಡೆಯಾ ಎಂದು.

ಕೊನೆಗೆ ಕಿತ್ತಳೆ. ನಾಗಪುರದಲ್ಲಿದ್ದು ಅದನ್ನು ಬಿಟ್ಟು ಬರೆಯುವಂತಿಲ್ಲ. ಚಳಿಗಾಲದಲ್ಲಿ ಕಳಮನಾ ಮಾರುಕಟ್ಟೆಯ ಹತ್ತಿರ ಹೋದರೆ ಗಾಳಿಯೇ ಸಿಪ್ಪೆಯ ವಾಸನೆ. ಸಂಸ್ಕೃತದ ನಾರಂಗ, ಅರಬ್ಬಿಯ ನಾರಂಜ್, ಸ್ಪ್ಯಾನಿಷಿನ ನರಾಂಖ. ಇಟಲಿ, ಫ್ರಾನ್ಸ್ ಮುಟ್ಟುವಾಗ ಮುಂದಿನ ನಕಾರ ಉದುರಿ, ಕೊನೆಗೆ ಆರೆಂಜ್. ಸಂಸ್ಕೃತದ ಪದ ಕೂಡ ದಕ್ಷಿಣದ ಯಾವುದೋ ಪದದಿಂದ ಬಂದಿರಬಹುದು ಎಂದು ಹಾಬ್ಸನ್-ಜಾಬ್ಸನ್ ಅನುಮಾನಿಸುತ್ತದೆ. ತಮಿಳಿನ ನಾರ್ತಂಗಾಯಿ, ಮಲಯಾಳದ ನಾರಙ್ಙ ಇವತ್ತಿಗೂ ಇದೇ ಜಾತಿಯ ಹಣ್ಣುಗಳ ಹೆಸರು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಾಗಪುರದ ಹಣ್ಣು ಮ್ಯಾಂಡರಿನ್. ಆ ಪದ ಪೋರ್ಚುಗೀಸರಿಗೆ ಸಿಕ್ಕಿದ್ದು ಮಲಯ ಭಾಷೆಯಿಂದ, ಮಲಯಕ್ಕೆ ನಮ್ಮ ‘ಮಂತ್ರಿ’ಯಿಂದ. ‘ಮ್ಯಾಂಡರಿನ್ ಆರೆಂಜ್’ ಎಂದರೆ ಮಂತ್ರಿ ನಾರಂಗ! ಹೀಗಿದ್ದೂ ಇಲ್ಲಿನ ತಳ್ಳುಗಾಡಿಯವನು ಮಂತ್ರಿಯನ್ನೂ ನಾರಂಗವನ್ನೂ ಪಕ್ಕಕ್ಕಿಟ್ಟು ‘ಸಂತ್ರಾ’ ಎಂದು ಕೂಗುತ್ತಾನೆ. ಪೋರ್ಚುಗಲ್ಲಿನ ಸಿಂತ್ರಾ ಊರಿನಿಂದ ಈ ಹೆಸರು ಬಂತೆಂದು ಹಿಂದೆ ಊಹಿಸಿದ್ದರು. ಆದರೆ 1530ರಲ್ಲಿ ತೀರಿಕೊಂಡ ಬಾಬರ್ ಆಗಲೇ ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದ ಹಣ್ಣುಗಳ ಪಟ್ಟಿಯಲ್ಲಿ ‘ಸಂಗ್ತರಾ’ವನ್ನು ಹೆಸರಿಸಿದ್ದ. ಪೋರ್ಚುಗೀಸರ ಹೆಸರು ಉತ್ತರದ ತೋಟಗಳವರೆಗೆ ಅಷ್ಟು ಬೇಗ ನಡೆದು ಬಂತೆಂದು ನಂಬುವುದು ಕಷ್ಟ.

*

ಈಗ ಸಂಪಾದಕರ ‘ರಸಂ’ಗೆ ಬರುತ್ತೇನೆ.

ನಿಘಂಟು ಒಂದು ಪದದ ‘ಮೊದಲ ಬಳಕೆ’ ಎಂದು ವರ್ಷ ಹಾಕಿದಾಗ ಅದು ಹೇಳುವುದು ಯಾರು ಮೊದಲು ಬರೆದರು ಎಂಬುದನ್ನು. ಯಾರು ಮೊದಲು ಕುಟ್ಟಿದರು, ಕುದಿಸಿದರು, ಬಡಿಸಿದರು ಎಂಬುದನ್ನಲ್ಲ. 1784ರ ಹಾಡಿನಲ್ಲಿ ಕೈದಿಯ ಗೋಳಿದೆ. ಆ ಗೋಳು ನಿಜವಾದದ್ದು, ಅದನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ಅವನು ಶಿಕ್ಷೆಯೆಂದು ಹೆಸರಿಸಿದ ಎರಡು ತಿನಿಸುಗಳು ಜೈಲಿನ ಗೋಡೆಯಾಚೆಯ ಮನೆಗಳಲ್ಲಿ ಅವತ್ತಿನ ರಾತ್ರಿಯ ಊಟವಾಗಿದ್ದವು. ಜ್ವರ ಬಂದ ಮಗುವಿಗೆ ಅದೇ ಔಷಧಿ. ಬಟ್ಟಲನ್ನು ತಂದಿಟ್ಟವರಿಗೂ ಮನೆಗೆ ಹೋಗಿ ಅದೇ ಸಾರು.

ಎಲ್ಲ ಕಡೆ ಮುಲ್ಲಿಗಟಾನಿ ಎಂದು ಬರೆದರೆ ಸಾರು ಮಾಡಿದವರು ಮಾಯವಾಗುತ್ತಾರೆ. ಎಲ್ಲ ಕಡೆ ರಸಂ ಎಂದರೆ, ಹಿಟ್ಟು ಬೆಣ್ಣೆ ಹಾಕಿ ಗಟ್ಟಿ ಮಾಡಿಕೊಂಡವರ ಕಥೆ ಮಾಯವಾಗುತ್ತದೆ. ನಾಲ್ಕನೆಯ ದಿನ ರಾತ್ರಿ ನಾನು ಒಂದು ಇಂಗ್ಲಿಷ್ ಪದಕ್ಕೆ ಎರಡು ಕನ್ನಡ ಪದ ಇಟ್ಟೆ. ಕರ್ನಲ್ ಸಾಹೇಬರ ಮೇಜಿನ ಮೇಲೆ ಮುಲ್ಲಿಗಟಾನಿ. ಬೆಂಗಳೂರಿನ ಜೈಲಿನಲ್ಲಿ ಮೆಣಸಿನ ಸಾರು, ಗಂಜಿ. ಸಂಪಾದಕರಿಗೆ ಅರ್ಧ ಪುಟದ ವಿವರಣೆ ಬರೆದು ಕಳಿಸಿದೆ. ಅದಕ್ಕೆ ಪದದ ಲೆಕ್ಕದಲ್ಲಿ ದುಡ್ಡಿಲ್ಲ. ಎರಡು ದಿನ ಬಿಟ್ಟು ಉತ್ತರ ಬಂತು: ‘ಸರಿ, ಹಾಗೇ ಇರಲಿ.’

ಆ ರಾತ್ರಿ ಚಳಿ ಜೋರಿತ್ತು. ಹತ್ತು ಮೆಣಸು, ಒಂದು ಚಮಚ ಜೀರಿಗೆ, ನಾಲ್ಕು ಎಸಳು ಬೆಳ್ಳುಳ್ಳಿ. ಕಾಕೂಗೂ ಒಂದು ಲೋಟ ಕೊಟ್ಟೆ. ಕುಡಿದು, ಮೂಗೊರೆಸಿಕೊಂಡು, ಇದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ಕೇಳಿದರು. ಸಾರು ಎಂದೆ.